ಎಡಗಡೆ ಮೂಳೆ ಇಲ್ಲ

ತಲೆಪಟ್ಟಿಯ ಮೇಲೆ ಕಪ್ಪು ಶಾಯಿಯಲ್ಲಿ ಬರೆದವಳು ನಾನೇ:
ಎಡಗಡೆ ಮೂಳೆ ಇಲ್ಲ.
ಹೊರಳಿಸುವವರು, ಒರೆಸುವವರು, ದಿಂಬು ಸರಿಮಾಡುವವರು
ಓದಿಕೊಳ್ಳಲಿ ಎಂದು.
ಅಕ್ಷರ ತುಸು ದೊಡ್ಡದಾಯಿತು, ಅಂಗಡಿ ಬೋರ್ಡಿನ ಹಾಗೆ.

ಉಲಾನ್‌ಬಾತರಿನ ಈ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ತಣ್ಣನೆ ಪೆಟ್ಟಿಗೆಗೆ ನಾನು ಕಾವಲು.
ಸೊನ್ನೆಗಿಂತ ಎಂಬತ್ತು ಕೆಳಗೆ.
ತಲೆಗಳಿಂದ ಎತ್ತಿಟ್ಟ ಚಿಪ್ಪುಗಳು ಅದರೊಳಗೆ
ಮೂರು ಸುತ್ತು ಬಟ್ಟೆ ಹೊದ್ದು
ಮಾಲೀಕರ ದಾರಿ ಕಾಯುತ್ತವೆ.
ಎಲ್ಲರೂ ಬರುವುದಿಲ್ಲ.

ನೊರೊವ್‌ಸಂಬು. ಐವತ್ತೊಂದು. ಕಲ್ಲಿದ್ದಲ ಲಾರಿ.
ಗೋಬಿಯ ಗಡಿಯಲ್ಲಿ ಸಾಲು ನಿಂತಿದ್ದಾಗ
ಚಹಾದ ಬಟ್ಟಲು ಬಲಗೈಯಿಂದ ಜಾರಿತಂತೆ.
ಉಪ್ಪು ಹೆಚ್ಚಾಯಿತು ಎನ್ನಲು ಹೋದವನ ಬಾಯಿಂದ
ಬರೀ ಗಾಳಿ.
ಹಿಂದಿನ ಲಾರಿಗಳು ಹಾರ್ನ್ ಹೊಡೆದವು.
ಹೆಪ್ಪು ಕರಗಿಸುವ ಮದ್ದಿಗೆ ನಾಲ್ಕೂವರೆ ಗಂಟೆಯ ತಾಳ್ಮೆ,
ದಾರಿಗೆ ಹನ್ನೊಂದು.

ಎರಡನೆಯ ದಿನ ಮಿದುಳು ಉಬ್ಬಿತು.
ಸತ್ತ ಭಾಗ ನೀರು ಕುಡಿದು ಊದಿ
ಬದುಕಿದ್ದ ಭಾಗವನ್ನು ಗೋಡೆಗೆ ಒತ್ತಿತು.
ಚಿತ್ರದಲ್ಲಿ ನಡುಗೆರೆ ಬಾಗಿತ್ತು, ಒದ್ದೆ ಹಗ್ಗದಂತೆ.
ಎಡಗಣ್ಣಿನ ಪಾಪೆ ಅರಳಿಯೇ ಇತ್ತು,
ಟಾರ್ಚಿಗೆ ಸೊಪ್ಪು ಹಾಕಲಿಲ್ಲ.

ಡಾಕ್ಟರ್ ಖಂಡ್ಮಾ ಬಳಸಿ ಮಾತಾಡುವವಳಲ್ಲ.
ಅವನ ಹೆಂಡತಿ ದೆಜಿದ್‌ಗೆ ಹೇಳಿದಳು:
"ಹೋದದ್ದು ಹೋಯಿತು, ಅದನ್ನು ತರುವ ಕತ್ತಿ ನನ್ನಲ್ಲಿಲ್ಲ.
ಉಳಿದದ್ದಕ್ಕೆ ಜಾಗ ಬೇಕು, ಈ ರಾತ್ರಿಯೇ.
ಬದುಕಿದರೆ ಬಲಗೈ ಬರಲಿಕ್ಕಿಲ್ಲ. ಮಾತು, ಗೊತ್ತಿಲ್ಲ."

"ಉಣ್ಣೆಗುಡಾರದಲ್ಲಿ ಹೊಗೆ ಕಟ್ಟಿದರೆ
ನೆತ್ತಿಯ ಕಂಬಳಿ ಸರಿಸುತ್ತೇವೆ," ಎಂದಳು ದೆಜಿದ್. "ಹಾಗೆಯೇ?"

ಖಂಡ್ಮಾ ಒಂದು ಗಳಿಗೆ ಸುಮ್ಮನಿದ್ದಳು.
"ಹಾಗೆಯೇ. ಆದರೆ ಹೊಗೆ ಹೋಗುವುದಿಲ್ಲ.
ಒಲೆ ಆರದಿರಬಹುದು, ಅಷ್ಟೆ."

ಸಹಿಯ ಕೊನೆಯಕ್ಷರಕ್ಕೆ ಕಾಗದ ಹರಿಯಿತು.

ಮೂರೂ ಇಪ್ಪತ್ತಕ್ಕೆ ನನ್ನ ಕೈಗೆ ಕೊಟ್ಟರು.
ಇನ್ನೂ ಬೆಚ್ಚಗಿತ್ತು.
ಅಂಗೈಗಿಂತ ಅಗಲ, ಬೋಗುಣಿಯಂತೆ ಒಳಬಾಗು,
ಒಳಮೈಯಲ್ಲಿ ರಕ್ತನಾಳವೊಂದು
ಐವತ್ತೊಂದು ವರ್ಷ ಮಿಡಿಮಿಡಿದು ಕೊರೆದ ಕಾಲುವೆ,
ಬತ್ತಿದ ಹೊಳೆಯ ನಕ್ಷೆ.
ಕಲ್ಲನ್ನು ನೀರು ಸವೆಸುವುದು ಕೇಳಿದ್ದೆ.
ಚೀಟಿ ಹಚ್ಚಿದೆ.

ಜನವರಿಯ ಒಂದು ರಾತ್ರಿ ಕರೆಂಟು ಹೋಯಿತು,
ಜನರೇಟರ್ ಕೆಮ್ಮಿ ಸುಮ್ಮನಾಯಿತು.
ಹೊರಗೆ ಮೈನಸ್ ಮೂವತ್ತನಾಲ್ಕು, ಊರಿಡೀ ಕಲ್ಲಿದ್ದಲ ಹೊಗೆ
(ಅವನದಲ್ಲ, ಅವನದು ಗಡಿ ದಾಟುತ್ತದೆ).
ಏಳು ಚಿಪ್ಪುಗಳನ್ನು ಹಿತ್ತಲ ಹಿಮದಲ್ಲಿ ಹೂಳಲೇ ಎಂದು
ಬುಟ್ಟಿ ಹಿಡಿದು ನಿಂತೆ.
ನಾಯಿಗಳ ನೆನಪಾಯಿತು. ಕಾಲು ಏಳಲಿಲ್ಲ.
ಹನ್ನೊಂದು ನಿಮಿಷಕ್ಕೆ ದೀಪ ಬಂತು.
ಇದನ್ನು ಯಾರಿಗೂ ಹೇಳಿಲ್ಲ.

ಮೇಲಿನ ಮಹಡಿಯಲ್ಲಿ ಅವನಿಗೆ ಒಂದೇ ಮಾತು ಉಳಿದಿತ್ತು: ಚೂ.
ಕುದುರೆಗೆ ಹೇಳುವುದು, ನಡೆ ಎಂದು.
ನೀರು ಬೇಕಾದರೆ ಚೂ, ಉಚ್ಚೆ ಬಂದರೆ ಚೂ,
ಹೆಂಡತಿ ಬಂದರೆ ಸ್ವಲ್ಪ ಎಳೆದು ಚೂ.
ಇಪ್ಪತ್ತು ವರ್ಷ ಲಾರಿ ಓಡಿಸಿದವನಿಗೆ
ಗೇರು, ಬ್ರೇಕು ಎಲ್ಲ ಅಳಿಸಿ
ಹುಡುಗನಾಗಿದ್ದಾಗಿನ ಕುದುರೆ ಹೇಗೆ ಉಳಿಯಿತೋ.
ತಲೆಯ ಎಡಕ್ಕೆ ಚರ್ಮ ಉಬ್ಬಿತ್ತು, ಆಮೇಲೆ ಕುಸಿಯಿತು.
ಕೆಮ್ಮಿದಾಗ ಅಲ್ಲಿ ಏನೋ ಮಿಡಿಯುವುದು.
ದೆಜಿದ್ ನೋಡುತ್ತಿರಲಿಲ್ಲ, ಎಣಿಸುತ್ತಿದ್ದಳು.

ಏಪ್ರಿಲ್‌ನಲ್ಲಿ ಕರೆ ಬಂತು:
ಮೂರನೆಯ ಅರೆ, ನೊರೊವ್‌ಸಂಬು, ಎಡ.
ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋದೆ.
ಆರು ತಿರುಪು ಬಿಗಿದರಂತೆ.

ವಾರದ ಮೇಲೆ ನೋಡಲು ಹೋದೆ.
ಟೋಪಿಯನ್ನು ನೆಲಕ್ಕಿಡಬಾರದು ನಮ್ಮಲ್ಲಿ,
ನರಿತುಪ್ಪಳದ ಆ ಟೋಪಿ ಮೂರು ತಿಂಗಳು
ದೆಜಿದ್‌ಳ ಮಡಿಲಲ್ಲೇ ಇತ್ತು. ಈಗ ತೊಡಿಸಿದಳು.
ಕೂತಿತು. ಅವನು ಎಡಗೈಯಿಂದ ಅಂಚು ತಡವಿ, ನನ್ನ ಕಡೆ ತಿರುಗಿ
ಚೂ ಎಂದ.
ಹೋಗು ಎಂದನೋ, ಕೊಡು ಎಂದನೋ.

ಕೆಳಗಿಳಿದು ಅರೆಯ ಚೀಟಿ ಕೆರೆದೆ.
ಹೆಸರು ಕಿತ್ತು ಬಂತು, 'ಎಡ' ಅಂಟಿಕೊಂಡೇ ಉಳಿಯಿತು.
ಅದರ ಮೇಲೆಯೇ ಹೊಸದು ಹಚ್ಚಿದೆ:
ಬಲ, ಹೆಂಗಸು, ಮೂವತ್ತೆಂಟು.